ಅಳಿಯನ ದನಿಯಲ್ಲಿ ಎರಡು ಮಾತು

ನನ್ನ ಕಸುಬು ಬೇರೆಯವರ ದನಿ. ಮೂಡಲಗಿಯ ಸಂತೆಯ ದಿನ ಆಟೋದ ನೆತ್ತಿಗೆ ಭೋಂಗಾ ಕಟ್ಟಿಕೊಂಡು, ಸೀರೆ ಅಂಗಡಿಯ ರಿಯಾಯಿತಿಯ ಬಗ್ಗೆ ಒಬ್ಬ ಗಡಸು ಗಂಡಸೂ ಒಬ್ಬ ನಾಚಿಕೆಯ ಹೆಂಗಸೂ ಮಾತಾಡಿಕೊಳ್ಳುತ್ತ ಹೋಗುತ್ತಾರಲ್ಲ, ಆ ಗಂಡ ಹೆಂಡತಿ ಇಬ್ಬರೂ ನಾನೇ. ಅರಭಾವಿ ಕಾಲೇಜಿನ ಹುಡುಗರು ತಮ್ಮ ಗ್ಯಾದರಿಂಗಿಗೆ ಕರೆಸಿ, ತಮ್ಮ ಸರ್‌ಗಳ ದನಿಯನ್ನು ನನ್ನ ಬಾಯಲ್ಲಿ ಕೇಳಿ ನಕ್ಕು, ಕೊನೆಗೆ ಅದೇ ಸರ್‌ಗಳ ಕೈಯಿಂದ ನನಗೆ ಶಾಲು ಹೊದಿಸುತ್ತಾರೆ. ಮನೆಯಲ್ಲಿ ಅವ್ವ ಒಳಗಿನಿಂದ ಯಾರು ಬಂದರು ಅಂತ ಕೇಳಿದರೆ ನಾನೊಬ್ಬನೇ ಮೂರು ಮಂದಿ ಬೀಗರಾಗಿ ಕೆಮ್ಮುತ್ತೇನೆ. ಅವಳು ಚಹಾ ಮಾಡಿ ತಂದ ಮೇಲೆ ಮೂರು ಕಪ್ಪನ್ನೂ ನಾನೇ ಕುಡಿಯುತ್ತೇನೆ. ಓದಿನಲ್ಲಿ ಹಿಂದೆ ಬಿದ್ದವನಿಗೆ ದೇವರು ಒಂದು ಗಂಟಲು ಕೊಟ್ಟ. ಅದನ್ನು ಎಲ್ಲಿ ಮುಚ್ಚಬೇಕು ಎಂಬ ಬುದ್ಧಿಯನ್ನು ಕೊಡಲು ಮರೆತ.

ಆ ಬುದ್ಧಿ ಇಲ್ಲದೆ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ನನ್ನ ಅಳಿಯನ, ಅಂದರೆ ಅಕ್ಕನ ಮಗನ ವಿಷಯ.

ಅಕ್ಕನನ್ನು ಕೊಟ್ಟದ್ದು ಹುಕ್ಕೇರಿ ತಾಲೂಕಿಗೆ. ಹತ್ತರಗಿಯಲ್ಲಿ ಹೈವೇ ಬಿಟ್ಟು ಒಳಗೆ ಹೋದರೆ ಅವಳ ಗಂಡನ ಊರು. ಭಾವ ಹೈವೇ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ದಿನವಿಡೀ ಗಾಳಿ ತುಂಬುವ ಯಂತ್ರದ ಸದ್ದಿನಲ್ಲಿ ಇದ್ದು ಇದ್ದು, ಮನೆಗೆ ಬಂದ ಮೇಲೂ ಜೋರಾಗಿಯೇ ಮಾತಾಡುತ್ತಾನೆ, ಅದೂ ಲೆಕ್ಕ ಹಾಕಿದಷ್ಟೇ. ಅವನ ತಾಯಿ, ನನ್ನ ಬೀಗತಿ, ಅವನು ಉಳಿಸಿದ ಮಾತನ್ನೆಲ್ಲ ತಾನು ಖರ್ಚು ಮಾಡುತ್ತಾಳೆ. ಇವರಿಬ್ಬರ ನಡುವೆ ನನ್ನ ಅಳಿಯ ಎರಡೂವರೆ ವರ್ಷದವನಾದರೂ ಒಂದು ಮಾತೂ ಆಡಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಪಾತ್ರೆಯ ಮುಚ್ಚಳವನ್ನು ನೆಲದ ಮೇಲೆ ಗಿರ್ರನೆ ತಿರುಗಿಸಿ, ಅದು ನಿಲ್ಲುವವರೆಗೆ ನೋಡಿ, ಮತ್ತೆ ತಿರುಗಿಸುತ್ತಿದ್ದ. ಯಾರ ತೊಡೆಯ ಮೇಲೂ ನಿಲ್ಲದವನು ನನ್ನ ಹತ್ತಿರ ಮಾತ್ರ ಬರುತ್ತಿದ್ದ. ನಾನು ದನಿ ತೆಗೆಯುವಾಗ ನನ್ನ ಗಂಟಲ ಮೇಲೆ ಅಂಗೈ ಇಟ್ಟು ಒಳಗಿನ ನಡುಕವನ್ನು ಮುಟ್ಟಿ ನೋಡುವುದು ಅವನಿಗೆ ಬಹಳ ಇಷ್ಟ.

ಮನೆಯವರ ಹತ್ತಿರ ಇದಕ್ಕೆಲ್ಲ ಉತ್ತರ ಸಿದ್ಧವಿತ್ತು. ಅವರಪ್ಪನೂ ತಡವಾಗಿಯೇ ಮಾತಾಡಿದ್ದ. ಗಂಡು ಹುಡುಗರೇ ಹಾಗೆ. ಬೀಗತಿ ಮಾತು ಬರಲಿ ಅಂತ ದಿನಾ ಮುಂಜಾನೆ ಬಜೆ ಬೇರು ತೇಯ್ದು ನಾಲಿಗೆಗೆ ಸವರುತ್ತಿದ್ದಳು. ಹುಡುಗ ಮುಖ ಕಿವುಚಿ ಉಗುಳುತ್ತಿದ್ದ. ನಾನು ಬೀಗತಿಯ ದನಿಯಲ್ಲೇ ಬೀಗತಿಗೆ, ಆ ಬಜೆಯನ್ನು ಹುಡುಗನ ಬದಲು ಭಾವನ ನಾಲಿಗೆಗೆ ಹಚ್ಚಿದ್ದರೆ ಮನೆಗೆ ನಾಲ್ಕು ಮಾತಾದರೂ ಬರುತ್ತಿದ್ದವು ಅಂತ ಹೇಳಿ ಬೈಸಿಕೊಂಡಿದ್ದೆ.

ಅಂಗನವಾಡಿಗೆ ಸರಕಾರದ ಮಕ್ಕಳ ತಪಾಸಣೆಯ ಗಾಡಿ ಬರುವ ದಿನ ನಾನು ಅಕ್ಕನ ಊರಲ್ಲೇ ಇದ್ದೆ. ಆ ಗಾಡಿಯಲ್ಲಿ ಡಾಕ್ಟರು, ನರ್ಸು ಬರುತ್ತಾರೆ. ಊರ ಮಕ್ಕಳ ಕಣ್ಣು, ಹಲ್ಲು, ಎದೆ, ನಡಿಗೆ, ಮಾತು ಎಲ್ಲ ನೋಡಿ, ತೊಂದರೆ ಕಂಡರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯುತ್ತಾರೆ. ಅಲ್ಲಿಂದ ಮುಂದಿನದೆಲ್ಲ ಪುಕ್ಕಟೆ. ಊರಲ್ಲಿ ಅದನ್ನು ತಿಳಿದುಕೊಂಡ ರೀತಿಯೇ ಬೇರೆ. ಓಣಿಯ ಕೊನೆಯ ಮನೆಯ ಹುಡುಗಿಗೆ ಹಿಂದೊಮ್ಮೆ ಎದೆಯ ತೊಂದರೆಗೆ ಚೀಟಿ ಬಂದಿತ್ತು. ಆಪರೇಷನ್ ಆಗಿ ಅವಳೀಗ ಕುಂಟಾಟದಲ್ಲಿ ಎಲ್ಲರನ್ನೂ ಹಿಡಿಯುತ್ತಾಳೆ. ಆದರೂ ಆ ಮನೆಗೆ ಚೀಟಿ ಮನೆ ಅಂತಲೇ ಹೆಸರು ನಿಂತಿದೆ. ಹೀಗಾಗಿ ತಪಾಸಣೆ ಅಂದರೆ ನಮ್ಮವರಿಗೆ ಪರೀಕ್ಷೆ, ಚೀಟಿ ಅಂದರೆ ನಪಾಸು. ಅಂದು ಮಕ್ಕಳನ್ನು ಕನ್ಯೆ ತೋರಿಸುವ ಹಾಗೆ ತಯಾರು ಮಾಡಿದ್ದರು. ತಲೆಗೆ ಎಣ್ಣೆ, ಕಣ್ಣಿಗೆ ಕಾಡಿಗೆ, ಹಬ್ಬದ ಅಂಗಿ. ಒಬ್ಬ ತಾಯಿ ತನ್ನ ಮಗಳಿಗೆ ಬಾಗಿಲಲ್ಲಿ ಇನ್ನೂ ಬಣ್ಣಗಳ ಹೆಸರು ಹೇಳಿಕೊಡುತ್ತಿದ್ದಳು. ಬೀಗತಿ ನನ್ನ ಅಳಿಯನ ಕಿಸೆಗೆ ಲಿಂಬೆಹಣ್ಣು ತುರುಕಿ, ನಮ್ಮ ಮನೆತನದಲ್ಲಿ ಇದುವರೆಗೆ ಯಾರಿಗೂ ಚೀಟಿ ಬಂದಿಲ್ಲ ಅಂತ ನನಗೆ ನೆನಪಿಸಿದಳು.

ಹುಡುಗ ಆ ಗದ್ದಲಕ್ಕೆ ಹೆದರಿ ನನ್ನ ಎದೆಯಲ್ಲಿ ಮುಖ ಹುದುಗಿಸಿದ್ದ. ಬಿಡಿಸಿದರೆ ಕಿರಚುತ್ತಿದ್ದ. ಹಾಗಾಗಿ ತೊಡೆಯ ಮೇಲೆ ಕೂರಿಸಿಕೊಂಡು ಡಾಕ್ಟರ ಮುಂದೆ ಕೂತವನು ನಾನು. ಅಕ್ಕ, ಬೀಗತಿ, ಓಣಿಯ ಇನ್ನಿಬ್ಬರು ಹೆಂಗಸರು ಬಾಗಿಲ ಹೊರಗೆ ನಿಂತಿದ್ದರು. ಒಳಗೆ ಮೂವತ್ತು ಮಕ್ಕಳ ಗಲಾಟೆ. ಡಾಕ್ಟರು ತಲೆ ತಗ್ಗಿಸಿ ಬರೆಯುತ್ತಲೇ ಹುಡುಗನನ್ನು ಕರೆದರು. ಅವನು ತಿರುಗಲಿಲ್ಲ. ನನ್ನ ಮೊಣಕೈ ತಾನಾಗಿಯೇ ಅವನ ಭುಜವನ್ನು ಒಂದಿಷ್ಟು ತಿರುಗಿಸಿತು. ಅಷ್ಟಕ್ಕೇ ನಿಂತಿದ್ದರೆ ಪಾಪ ಸಣ್ಣದಿತ್ತು. ಅವರು ಚಿತ್ರದ ಹಾಳೆ ಎತ್ತಿ ಇದು ಯಾವ ಪ್ರಾಣಿ ಅಂತ ಕೇಳಿದರು. ಬಾಗಿಲ ಹೊರಗಿನ ಹೆಂಗಸರು ಸುಮ್ಮನಾದರು. ಆ ಮೌನ ನನ್ನ ಬೆನ್ನಿಗೆ ಚುಚ್ಚಿತು. ತುಟಿ ಅಲುಗಿಸದೆ, ಅವನ ಎಣ್ಣೆ ಹಚ್ಚಿದ ತಲೆಗೆ ಗದ್ದ ಊರಿ, ಎರಡೂವರೆ ವರ್ಷದವನ ದನಿಯಲ್ಲಿ ನಾಯಿ ಅಂದೆ.

ಡಾಕ್ಟರು ಸರಿ ಗುರುತು ಹಾಕಿದರು. ಇನ್ನೊಂದು ಪ್ರಶ್ನೆ ಇತ್ತು: ಎರಡು ಮೂರು ಶಬ್ದ ಕೂಡಿಸಿ ಆಡುತ್ತಾನೋ? ನನಗೆ ಆಗಲೇ ರಂಗೇರಿತ್ತು. ಕಲಾವಿದ ಅನ್ನಿಸಿಕೊಳ್ಳುವವರ ರೋಗ ಇದು, ಒಂದು ಚಪ್ಪಾಳೆ ಬಿದ್ದರೆ ಎರಡನೆಯದಕ್ಕೆ ಬಾಯಿ ತೆರೆದೇ ಇರುತ್ತದೆ. ಅದೇ ದನಿಯಲ್ಲಿ, ಸ್ವಲ್ಪ ಅಳು ಬೆರೆಸಿ, "ಅವ್ವಾ, ಮನಿಗಿ ಹೋಗೂನು" ಅಂದೆ.

ಹೊರಗೆ ಬೀಗತಿ ನಕ್ಕದ್ದು ಕೇಳಿಸಿತು. ಡಾಕ್ಟರೂ ನಕ್ಕು, ಮನೆಗೆ ಕರೆದುಕೊಂಡು ಹೋಗಿ ಅಂದರು. ತಪಾಸಣೆಯ ಕಾರ್ಡಿನಲ್ಲಿ ಮಾತಿನ ಮುಂದೆ ವಯಸ್ಸಿಗೆ ತಕ್ಕಂತೆ ಇದೆ ಅಂತ ಬಿತ್ತು.

ಬೀಗತಿ ಆ ದಿನ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಹಿತ್ತಲಲ್ಲಿ ಅಕ್ಕನನ್ನು ಹಿಡಿದು ನನ್ನ ಸಾಹಸ ಹೇಳಿ ನಗಿಸಬೇಕು ಅಂತ ಹೋದೆ. ಅವಳು ಬಚ್ಚಲ ಕಲ್ಲಿನ ಮೇಲೆ ಕೂತು ಅಳುತ್ತಿದ್ದಳು. ನನ್ನನ್ನು ನೋಡಿ ಮುಖ ಒರೆಸಿಕೊಂಡು ನಕ್ಕಳು. ನಾನು ಅಷ್ಟು ಚೆಂದದ ನಗುವನ್ನು ಅವಳ ಮದುವೆಯಲ್ಲೂ ಕಂಡಿರಲಿಲ್ಲ.

"ಅಂವ ನನ್ನ ಅವ್ವಾ ಅಂದ. ನೀ ಕೇಳಿದೆಲ್ಲಾ?"

ನನ್ನ ಬಾಯಲ್ಲಿ ಊರಿನ ಎಲ್ಲರ ದನಿಯೂ ಇತ್ತು, ಆ ಹೊತ್ತಿಗೆ ನನ್ನದು ಬರಲಿಲ್ಲ. "ಕೇಳಿದ್ನೆವಾ" ಅಂದೆ. ಅಂಗನವಾಡಿಯಲ್ಲಿ ಆಡಿದ್ದು ತಮಾಷೆ ಅಂತ ಯಾರಾದರೂ ಕ್ಷಮಿಸಬಹುದು. ನನ್ನ ನಿಜವಾದ ತಪ್ಪು ಶುರುವಾದದ್ದು ಹಿತ್ತಲಲ್ಲಿ ಆಡಿದ ಈ ಒಂದು ಮಾತಿನಿಂದ.

ಆಮೇಲೆ ಒಂದು ವರ್ಷ ಅಕ್ಕ ಎರಡನೆಯ ‘ಅವ್ವಾ’ಕ್ಕಾಗಿ ಕಾದಳು. ಫೋನು ಮಾಡಿದಾಗೆಲ್ಲ ಆ ದಿನದ ಕಥೆ ಒಮ್ಮೆ ಬಂದೇ ಬರುತ್ತಿತ್ತು. ಯಾರಾದರೂ ಹುಡುಗನನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಅಂದರೆ, ಒಮ್ಮೆ ಆಡಿದವನು ಮತ್ತೆ ಆಡುತ್ತಾನೆ ಅನ್ನುತ್ತಿದ್ದಳು. ನಾನು ಪ್ರತಿ ಸಲ ಇವತ್ತು ಹೇಳಬೇಕು ಅಂದುಕೊಂಡು, ಪ್ರತಿ ಸಲ ಕಂಡಕ್ಟರನ ದನಿಯಲ್ಲೋ ಪಂಚಾಯಿತಿ ಅಧ್ಯಕ್ಷರ ದನಿಯಲ್ಲೋ ಅವಳನ್ನು ನಗಿಸಿ ಫೋನು ಇಡುತ್ತಿದ್ದೆ. ಹುಡುಗನಿಗೆ ಮೂರು ತುಂಬಿತು, ಮೂರೂವರೆ ಆಯಿತು. ಮುಚ್ಚಳ ತಿರುಗುತ್ತಲೇ ಇತ್ತು.

ಮೊದಲು ಎಚ್ಚರಿಸಿದವರು ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ಕಾರ್ಯಕರ್ತರು. ಅವರಿಗೆ ಒಂದು ಕಾಲಿನಲ್ಲಿ ಶಕ್ತಿ ಇಲ್ಲ. ಮೂರು ಗಾಲಿಯ ಸ್ಕೂಟರಿನಲ್ಲಿ ಮನೆಮನೆಗೆ ಬರುತ್ತಾರೆ. ಅವತ್ತು ನಾನು ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ಅವರ ಸ್ಕೂಟರಿನ ಸದ್ದನ್ನು ಅವರಿಗೇ ಕೇಳಿಸಿದೆ. ಅವರು ಗಾಡಿ ನಿಲ್ಲಿಸಿ, ಸೈಲೆನ್ಸರ್ ಹೋಗಿದ್ದು ಗಾಡಿಯದೋ ನಿನ್ನದೋ ಅಂತ ಕೇಳಿದರು. ಆಮೇಲೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಹುಡುಗನನ್ನು ಬಹಳ ಹೊತ್ತು ನೋಡಿದರು. ಕಪ್ಪು ಕೆಳಗಿಟ್ಟು ಅಕ್ಕನಿಗೆ ನೇರವಾಗಿ ಹೇಳಿದರು. ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ಸಣ್ಣ ಮಕ್ಕಳಿಗಾಗಿಯೇ ಒಂದು ಕೇಂದ್ರ ಇದೆ, ಮಾತು, ಆಟ, ಕೈಕೆಲಸ ಎಲ್ಲವನ್ನೂ ಕೂತು ಕಲಿಸುತ್ತಾರೆ, ದುಡ್ಡು ಕೇಳುವುದಿಲ್ಲ. ತೊಂದರೆ ಇದೆ ಅಂತ ಡಾಕ್ಟರ ಮಂಡಳಿ ಬರೆದುಕೊಟ್ಟರೆ ಗುರುತಿನ ಕಾರ್ಡು ಆಗುತ್ತದೆ, ಕಾರ್ಡಿನ ಮೇಲೆ ಮಾಸಾಶನ, ಚಿಕಿತ್ಸೆಗೆ ವಿಮೆ, ಬಸ್ಸಿನ ಪಾಸು. ಮುಂದೆ ಸಾಲಿಗೆ ಹೋಗುವಾಗ ಬೇರೆ ಟೀಚರ ಸಹಾಯ.

"ಕಾರ್ಡಿಗೆ ಕಾಯಬ್ಯಾಡ್ರಿ. ಕಲಿಸಾಕ ಕಾರ್ಡು ಬೇಕಾಗಿಲ್ಲ. ವಯಸ್ಸು ಅಷ್ಟ ಕಾಯಂಗಿಲ್ಲ ನೋಡ್ರಿ" ಅಂದರು.

ಬೀಗತಿ ಕಪಾಟಿನಿಂದ ಆ ಹಳೆಯ ಕಾರ್ಡು ತಂದು ಅವರ ಮುಂದೆ ಹಿಡಿದಳು. ನಮ್ಮ ಹುಡುಗ ಮಾತಾಡಿದ್ದಾನೆ, ಡಾಕ್ಟರೇ ಬರೆದಿದ್ದಾರೆ ಅಂದಳು. ಕಾರ್ಯಕರ್ತರು ಓದಿದರು, ಮತ್ತೆ ಹುಡುಗನನ್ನು ನೋಡಿದರು. ಹಾಗಾದರೆ ಇದ್ದ ಮಾತು ಹೋಗಿದೆ ಅಂತಾಯಿತು, ಅದು ಇನ್ನೂ ದೊಡ್ಡ ವಿಷಯ, ಇನ್ನೂ ಬೇಗ ತೋರಿಸಬೇಕು ಅಂದರು. ಅಕ್ಕನ ಮುಖದ ರಕ್ತ ಇಳಿಯಿತು. ನಾನು ಕಟ್ಟೆಯಿಂದ ಎದ್ದು ಹೈವೇ ಕಡೆ ನಡೆದೆ.

ಇದ್ದ ಮಾತು ಹೋಗಿದೆ. ಆ ಒಂದು ಸಾಲು ಮನೆಯೊಳಗೆ ಹೊಕ್ಕಿದ್ದೇ ತಡ, ಅದನ್ನು ಕಳೆದವರು ಯಾರು ಅಂತ ಹುಡುಕಾಟ ಶುರುವಾಯಿತು. ಬೀಗತಿಯ ಪ್ರಕಾರ ಅಕ್ಕ ಜೋಕಾಲಿಯಿಂದ ಬೀಳಿಸಿದ್ದಳು. ಅಕ್ಕನ ಪ್ರಕಾರ ಬೀಗತಿಯ ಬಜೆ ಹೆಚ್ಚಾಗಿತ್ತು. ಭಾವ ತನ್ನ ಕಡೆಯಿಂದ ಯಂತ್ರದ ಸದ್ದಿಗೆ ಹುಡುಗ ಬೆಚ್ಚಿದ್ದನೇನೋ ಅಂತ ಅಂಗಡಿಗೆ ಕರೆದುಕೊಂಡು ಹೋಗುವುದನ್ನೇ ನಿಲ್ಲಿಸಿದ. ಎಂದೂ ಆಗದ ಕಳವಿಗೆ ಮೂವರು ಕಳ್ಳರು ಸಿಕ್ಕಿದ್ದರು. ನಿಜವಾದ ಕಳ್ಳ ವಾರಕ್ಕೊಮ್ಮೆ ಬಂದು ಅವರ ಮನೆಯಲ್ಲಿ ರೊಟ್ಟಿ ತಿಂದು ಹೋಗುತ್ತಿದ್ದ.

ಜಗಳ ಜಾಸ್ತಿಯಾಗಿ ಅಕ್ಕ ಹುಡುಗನನ್ನು ಕರೆದುಕೊಂಡು ಮೂಡಲಗಿಗೆ, ನಮ್ಮ ಮನೆಗೆ ಬಂದಳು. ಅಷ್ಟರಲ್ಲಿ ಆ ಊರಿನ ಅಂಗನವಾಡಿಗೆ ಗಾಡಿ ಮತ್ತೆ ಬಂದು, ಈ ಸಲ ಚೀಟಿ ಬರೆದಿತ್ತು. ಅಕ್ಕ ತವರಲ್ಲಿ ಇರುತ್ತೇನೆ ಅಂದದ್ದರಿಂದ ಹತ್ತಿರವಾಗಲಿ ಅಂತ ಗೋಕಾಕದ ಸರಕಾರಿ ಆಸ್ಪತ್ರೆಯ ಮಕ್ಕಳ ಡಾಕ್ಟರ ಹೆಸರಿಗೆ ಕೊಟ್ಟಿದ್ದರು. ಆ ಡಾಕ್ಟರು ಹೆಂಗಸು, ಚುರುಕು ಮಾತು, ನಗು ಕಡಿಮೆ. ಹಳೆಯ ಕಾರ್ಡನ್ನು ಎರಡು ಸಲ ಓದಿದರು. ಜ್ವರ ಬಂದಿತ್ತೇ, ಫಿಟ್ಸ್ ಬಂದಿತ್ತೇ, ನಿದ್ದೆಯಲ್ಲಿ ಬೆಚ್ಚುತ್ತಾನೆಯೇ, ಎಲ್ಲ ಕೇಳಿದರು. ಮೊದಲಿನಿಂದ ಮಾತು ಬರದ ಮಕ್ಕಳ ದಾರಿ ಬೇರೆ, ವಾಕ್ಯ ಆಡಿ ನಿಲ್ಲಿಸಿದ ಮಕ್ಕಳ ದಾರಿ ಬೇರೆ ಅಂದರು. ಮಿದುಳಿನೊಳಗೆ ಏನಾದರೂ ಆಗಿದೆಯೋ ಎಂಬುದನ್ನು ಮೊದಲು ನೋಡಬೇಕು. ತಲೆಗೆ ತಂತಿ ಅಂಟಿಸಿ ಒಂದು ಪರೀಕ್ಷೆ, ಆಮೇಲೆ ಮಂಪರಿನ ಇಂಜೆಕ್ಷನ್ ಕೊಟ್ಟು ಮಲಗಿಸಿ ತಲೆಯ ಸ್ಕ್ಯಾನು. ಬೆಳಗಾವಿಗೆ ಹೋಗಬೇಕು. ಬರುವ ಸೋಮವಾರ ತಂದೆ ತಾಯಿ ಇಬ್ಬರೂ ಇಲ್ಲಿಗೆ ಬಂದು ಒಪ್ಪಿಗೆಯ ಸಹಿ ಹಾಕಿ, ಕಾಗದ ತೆಗೆದುಕೊಂಡು, ಮಂಗಳವಾರ ಪರೀಕ್ಷೆ. ಅದರ ಫಲ ಬಂದ ಮೇಲೆ ಮುಂದಿನ ತರಬೇತಿಯ ಮಾತು.

ನನಗೆ ಒಂದು ವಾರ ಸಿಕ್ಕಿತು. ಆ ವಾರ ನಾನು ಹೇಗಿದ್ದೆ ಅಂದರೆ, ಸೀರೆಯ ಗಂಡ ಹೆಂಡತಿ ಮೈಕಿನಲ್ಲಿ ಜಗಳಾಡತೊಡಗಿದರು. ಅಂಗಡಿಯವನು ಫೋನು ಮಾಡಿ ಬೈದ. ಅಕ್ಕ ಹುಡುಗನಿಗೆ ಇಂಜೆಕ್ಷನ್ ಆಗಿ ಎಚ್ಚರವಾಗದಿದ್ದರೆ ಅಂತ ಅವ್ವನ ಹತ್ತಿರ ಕೇಳುವುದು ಗೋಡೆಯ ಈಚೆ ನನಗೆ ಕೇಳುತ್ತಿತ್ತು. ನಿಜ ಹೇಳಿದರೆ ಇಂಜೆಕ್ಷನ್ ತಪ್ಪುತ್ತದೆ. ನಿಜ ಹೇಳಿದರೆ ಅವಳ ಆ ಒಂದು ‘ಅವ್ವಾ’ ಹೋಗುತ್ತದೆ. ಹೀಗೆ ತೂಗುತ್ತ ಕೂತರೆ ದೊಡ್ಡ ಧರ್ಮಸಂಕಟ ಅನ್ನಿಸುತ್ತದೆ, ನಾನು ಅದಕ್ಕೆ ಆ ಹೆಸರನ್ನೇ ಕೊಟ್ಟುಕೊಂಡಿದ್ದೆ. ಖರೆ ಹೇಳಬೇಕೆಂದರೆ ಅದು ಹೆದರಿಕೆ. ಅಕ್ಕ ನನ್ನನ್ನು ಹೇಗೆ ನೋಡುತ್ತಾಳೆ ಎಂಬುದಷ್ಟೇ.

ಹೆದರಿದ ಮಿಮಿಕ್ರಿಯವನು ಏನು ಮಾಡುತ್ತಾನೆ? ಇನ್ನೊಂದು ದನಿ ತೆಗೆಯುತ್ತಾನೆ. ಗುರುವಾರ ನಾನು ಆಸ್ಪತ್ರೆಗೆ ಫೋನು ಮಾಡಿ, ನಿವೃತ್ತಿಗೆ ಹತ್ತಿರ ಬಂದ ಅಧಿಕಾರಿಯ ದಪ್ಪ ದನಿಯಲ್ಲಿ, ಹುಕ್ಕೇರಿ ಕಡೆಯ ಒಂದು ಹುಡುಗನ ಕಾರ್ಡಿನಲ್ಲಿ ಬರಹದ ತಪ್ಪಾಗಿದೆ, ಸ್ಕ್ಯಾನು ಬೇಡ ಅಂದೆ. ಆಚೆಯ ನರ್ಸು ಯಾವ ಕಚೇರಿ ಅಂತ ಕೇಳಿದಳು. ನಾನು ಗಂಟಲು ಸರಿಮಾಡಿಕೊಂಡೆ. ಹೆಸರು ಕೇಳಿದಳು. ಮತ್ತೆ ಸರಿಮಾಡಿಕೊಂಡೆ. "ಅಜ್ಜಾರ, ಕೆಮ್ಮಿಗೆ ಓಪಿಡಿ ಮುಂಜಾನಿ ಇರತೈತಿ, ಬರ್ರಿ" ಅಂತ ಇಟ್ಟುಬಿಟ್ಟಳು.

ಸೋಮವಾರ ಭಾವ ಅಂಗಡಿ ಮುಚ್ಚಿ ಹತ್ತರಗಿಯಿಂದ ಬಂದ. ನಾವು ಮೂಡಲಗಿಯಿಂದ ಹೋದೆವು. ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಕೂಡಿದಾಗ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಲಿಲ್ಲ. ಬೀಗತಿ ಡಾಕ್ಟರಿಗೆ ಅಂತ ಕರದಂಟಿನ ಪೆಟ್ಟಿಗೆ ಕೊಡಲು ಹೇಳಿದ್ದಳಂತೆ. ಭಾವ ಅದನ್ನು ಕೊಂಡು, ಕೊಡಲು ನಾಚಿ, ಕೊನೆಗೆ ನನ್ನ ಕೈಗೆ ಹಿಡಿಸಿದ. ಡಾಕ್ಟರ ಕೋಣೆಗೆ ನಾನೂ ಒಳಗೆ ಹೋದೆ, ಪೆಟ್ಟಿಗೆ ಹಿಡಿದುಕೊಂಡು, ಮದುವೆಗೆ ತಡವಾಗಿ ಬಂದವನ ಹಾಗೆ. ಹುಡುಗ ಗಾಲಿ ಇದ್ದ ಸ್ಟೂಲು ಕಂಡು ಅದರ ಮುಂದೆ ನೆಲಕ್ಕೆ ಕೂತು ಒಂದು ಗಾಲಿಯನ್ನು ತಿರುಗಿಸತೊಡಗಿದ.

ಡಾಕ್ಟರು ಒಪ್ಪಿಗೆಯ ಕಾಗದ ಮುಂದಿಟ್ಟು, ಸಹಿಗೆ ಮೊದಲು ಇನ್ನೊಂದು ಸಲ ಕೇಳುತ್ತೇನೆ ಅಂದರು. ಆ ಮಾತು ಆಡಿದ ದಿನದಿಂದ ನಿಂತ ದಿನದವರೆಗೆ ಏನಾದರೂ ನಡೆದಿತ್ತೇ, ಮರೆತದ್ದು, ಮುಚ್ಚಿಟ್ಟದ್ದು, ಯಾವುದಾದರೂ ಸರಿ. ಭಾವ ಇಲ್ಲ ಅಂತ ತಲೆಯಾಡಿಸಿದ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಬೆರಳು ಬೆಳ್ಳಗಾಗುವಷ್ಟು ಬಿಗಿದಳು.

"ನಾ ಒಂದ ಸಲ ಹೊಡದೇನ್ರಿ" ಅಂದಳು. "ಅಂವ ಆಡಿದ ಮರುದಿನಾನ. ಇನ್ನೊಮ್ಮಿ ಅವ್ವಾ ಅನ್ನು, ಅನ್ನು ಅಂತ ಬೆನ್ನಹತ್ತಿದ್ನಿ. ಅನಲಿಲ್ಲ. ಸಿಟ್ಟ ಬಂದ ಕಪಾಳಕ್ಕ ಹೊಡದ್ನಿ. ಅದರ ಮುಂದ ಒಂದೂ ಮಾತ ಬಂದಿಲ್ರಿ. ಮನ್ಯಾಗ ಯಾರಿಗೂ ಹೇಳಿಲ್ಲ. ನಾನ ಹಾಳ ಮಾಡೇನಿ."

ಭಾವ ಆಗ ಮೊದಲ ಸಲ ಅವಳ ಕಡೆ ತಿರುಗಿದ. ಡಾಕ್ಟರು ಪೆನ್ನು ಕೆಳಗಿಟ್ಟು, ಒಂದು ಏಟಿನಿಂದ ಹೀಗಾಗುವುದಿಲ್ಲ ಅಂತ ಹೇಳಲು ಶುರು ಮಾಡಿದ್ದರು. ಅಕ್ಕನಿಗೆ ಅದು ಕೇಳುತ್ತಿರಲಿಲ್ಲ. ಒಂದು ವರ್ಷದಿಂದ ಅವಳು ಒಬ್ಬಳೇ ಆ ಏಟನ್ನು ಹೊತ್ತುಕೊಂಡು ತಿರುಗಿದ್ದಳು, ಅದೂ ನನ್ನ ಎರಡು ಮಾತಿನ ಕಾರಣದಿಂದ.

"ಅಂವ ಆಡಿಲ್ರಿ" ಅಂದೆ. "ಆಡಿದಾಂವ ನಾನು."

ಯಾರೂ ನಂಬಲಿಲ್ಲ. ನನ್ನ ಇಡೀ ಬದುಕಿನ ಗಳಿಕೆ ಅದು, ನಾನು ನಿಜ ಹೇಳಿದರೆ ಜನ ನಗಲು ತಯಾರಾಗುತ್ತಾರೆ. ಭಾವ ಹಲ್ಲು ಕಚ್ಚಿ, "ಲೇ ಮೈಕ್ ಮಾಸ್ತರ, ಇಲ್ಲಿರೆ ಚಾಷ್ಟಿ ಬಿಡ" ಅಂದ. ಡಾಕ್ಟರು ನನ್ನನ್ನು ಹೊರಗೆ ಕಳಿಸಿ ಎಂಬಂತೆ ಬಾಗಿಲ ಕಡೆ ನೋಡಿದರು. ನಾನು ಅಂಗನವಾಡಿ, ಎದೆಗೆ ಮುಖ ಹುದುಗಿಸಿದ ಹುಡುಗ, ಬಾಗಿಲ ಹೊರಗಿನ ಮೌನ ಎಲ್ಲವನ್ನೂ ತೊದಲುತ್ತ ಹೇಳಿದೆ. ಡಾಕ್ಟರ ಹುಬ್ಬು ಇನ್ನೂ ಗಂಟಾಗಿಯೇ ಇತ್ತು. ಅಷ್ಟು ಸಣ್ಣ ಮಗುವಿನ ದನಿ ಯಾವುದು, ನಕಲು ಯಾವುದು ಅಂತ ಅನುಭವದ ಡಾಕ್ಟರಿಗೆ ತಿಳಿಯದೆ ಇರುತ್ತದೆಯೇ ಅಂತ ಕೇಳಿದರು.

ಹೀಗಾಗಿ ನಾನು ಆ ದನಿಯನ್ನು ಮತ್ತೆ ತೆಗೆಯಬೇಕಾಯಿತು. ಕರದಂಟಿನ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು, ಗೋಡೆಗೆ ಅಂಟಿಸಿದ್ದ ಲಸಿಕೆಯ ಪಟ್ಟಿಯನ್ನು ನೋಡುತ್ತ, ತುಟಿ ಅಲುಗಿಸದೆ ಅಂದೆ: "ಅವ್ವಾ, ಮನಿಗಿ ಹೋಗೂನು."

ಅಕ್ಕ ಗಕ್ಕನೆ ತಿರುಗಿದಳು. ನನ್ನ ಕಡೆ ಅಲ್ಲ, ನೆಲದ ಮೇಲೆ ಕೂತ ಮಗನ ಕಡೆ. ಕುರ್ಚಿಯಿಂದ ಅರ್ಧ ಎದ್ದು ಕೈ ಚಾಚಿದ್ದಳು. ಹುಡುಗ ಗಾಲಿ ತಿರುಗಿಸುತ್ತಿದ್ದ. ಗಾಲಿ ನಿಂತಿತು, ಅವನು ಮತ್ತೆ ತಿರುಗಿಸಿದ. ಅಕ್ಕನ ಕೈ ಹಾಗೆಯೇ ಚಾಚಿಕೊಂಡಿತ್ತು. ಆಮೇಲೆ ನಿಧಾನವಾಗಿ ಅವಳ ಮುಖ ನನ್ನ ಕಡೆ ಬಂತು. ಆ ಮುಖವನ್ನು ವರ್ಣಿಸಲು ನನಗೆ ಬರುವುದಿಲ್ಲ. ಯಾರದನ್ನಾದರೂ ನಕಲು ಮಾಡಿ ತೋರಿಸುವ ನನಗೆ ಅದನ್ನು ಮಾಡುವ ಧೈರ್ಯವೂ ಇಲ್ಲ.

ಅಕ್ಕ ಎದ್ದು ಹೊರಗೆ ಹೋದಳು. ಭಾವ ನನಗೆ ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿದ್ದೆ. ಅವನು ಜೀವನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ, ಇದ್ದ ಮಾತು ಹೋಗಿದೆ ಅಂದ ದಿನದಿಂದ ತನ್ನ ಅವ್ವ ಮತ್ತು ಹೆಂಡತಿ ಒಂದು ಒಲೆಯ ಮೇಲೆ ಅಡುಗೆ ಮಾಡುತ್ತಿಲ್ಲ ಅಂತ ಮಾತ್ರ ಹೇಳಿದ. ಡಾಕ್ಟರು ಹಳೆಯ ಕಾರ್ಡನ್ನು ಎಳೆದುಕೊಂಡು ಮಾತಿನ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಿದರು. ಆ ಗೆರೆ ಎಳೆಯಲು ಎಷ್ಟು ಹೊತ್ತು ಬೇಕು? ಕೆಮ್ಮುವಷ್ಟು. ನಾನು ಅದಕ್ಕೆ ವರ್ಷ ಹಿಡಿದಿದ್ದೆ.

"ನಿನ್ನ ಕಲಾ ಛಲೋ ಐತಿ ತಮ್ಮಾ" ಅಂದರು, ನನ್ನನ್ನು ನೋಡದೆಯೇ. "ಈ ವಯಸ್ಸಿನಾಗ ಒಂದ ವರ್ಷ ಅಂದ್ರ ಎಷ್ಟು ಅಂತ ಗೊತ್ತೈತೇನು? ಕೂಸಿನ ವರ್ಷ ತಿಂದಿ ನೀ."

ಅವರು ಭಾವನ ಕಡೆ ತಿರುಗಿ ಮುಂದಿನದನ್ನು ಹೇಳಿದರು. ನಾಳೆಯ ಸ್ಕ್ಯಾನು ಬೇಡ, ಇಂಜೆಕ್ಷನ್ ಬೇಡ. ಮೊದಲು ಕಿವಿ ಪರೀಕ್ಷೆ. ಕೇಳಿಸುತ್ತದೆಯೋ ಇಲ್ಲವೋ ಎಂಬುದು ಗೊತ್ತಾಗಬೇಕು. ಅದರ ಜೊತೆಗೇ ಜಿಲ್ಲಾ ಆಸ್ಪತ್ರೆಯ ಆ ಕೇಂದ್ರಕ್ಕೆ ಕಾಗದ, ಈ ವಾರವೇ ಹೋಗಬೇಕು, ಅಲ್ಲಿ ಕೂತು ನೋಡಿ ಇದು ಆಟಿಸಂ ಹೌದೋ ಅಲ್ಲವೋ ಹೇಳುತ್ತಾರೆ. ತಂದೆ ತಾಯಿ ಇಬ್ಬರೂ ಕಲಿಯಬೇಕು, ಯಾಕೆಂದರೆ ಕೇಂದ್ರದಲ್ಲಿ ಹುಡುಗ ಇರುವುದು ಒಂದೆರಡು ತಾಸು, ಮನೆಯಲ್ಲಿ ಇರುವುದು ಇಡೀ ದಿನ. ಮಂಡಳಿಯ ಮುಂದೆ ಕಾರ್ಡಿಗೆ ಹೋಗುವಾಗ, ಅಂತ ಇಷ್ಟು ಹೊತ್ತಿಗೆ ನನ್ನನ್ನು ನೇರವಾಗಿ ನೋಡಿ ಹೇಳಿದರು, ಹುಡುಗ ಹೇಗಿದ್ದಾನೋ ಹಾಗೆ ತೋರಿಸಿ. ಯಾರೂ ಪಾಸು ಮಾಡಿಸಲು ಹೋಗಬೇಡಿ.

ಅಕ್ಕ ಮುಖ ತೊಳೆದುಕೊಂಡು ಬಂದಳು. ಹಣೆಯ ಕೂದಲಿನಿಂದ ನೀರು ಇಳಿಯುತ್ತಿತ್ತು. ತನ್ನ ಕುರ್ಚಿಯನ್ನು ಎತ್ತಿ, ನನಗೆ ಬೆನ್ನಾಗುವಂತೆ ಇಟ್ಟುಕೊಂಡು ಕೂತಳು. ಡಾಕ್ಟರು ಹೊಸ ಹಾಳೆ ತೆಗೆದರು. ಮೊದಲಿನಿಂದ ಕೇಳುತ್ತೇನೆ, ಈಗ ಆಗದಿದ್ದರೆ ಊಟ ಮಾಡಿ ಬನ್ನಿ ಅಂದರು. ಅಕ್ಕ ಈಗಲೇ ಕೇಳಿ ಅಂದಳು.

ಹೆರಿಗೆ, ತೂಕ, ಕೂತದ್ದು, ನಡೆದದ್ದು, ಎಲ್ಲಕ್ಕೂ ಅವಳು ತಡವರಿಸದೆ ಹೇಳಿದಳು. ಪೆನ್ನು ಮುಂದಿನ ಸಾಲಿಗೆ ಬಂತು.

"ಮೊದಲ ಮಾತು ಯಾವಾಗ ಆಡಿದ?"

ನಾನು ಪೆಟ್ಟಿಗೆಯ ದಾರವನ್ನು ನೋಡುತ್ತಿದ್ದೆ. ಅಕ್ಕನ ಬೆನ್ನು ಒಮ್ಮೆ ನೆಟ್ಟಗಾಯಿತು.

"ಇನ್ನೂ ಆಡಿಲ್ರಿ" ಅಂದಳು.

ಡಾಕ್ಟರು ಬರೆದುಕೊಂಡರು. ಏನಾದರೂ ಬೇಕಾದರೆ ಹೇಗೆ ಕೇಳುತ್ತಾನೆ ಅಂತ ಮುಂದಿನ ಪ್ರಶ್ನೆ. ಇದನ್ನು ಅವಳಿಗೆ ಯಾರೂ ಇದುವರೆಗೆ ಕೇಳಿರಲಿಲ್ಲ. ಆ ಮನೆಯಲ್ಲಿ ವರ್ಷವಿಡೀ ನಾನು ಆಡಿದ ಮಾತನ್ನು ಕೇಳಲು ಕಾಯುತ್ತಿದ್ದರು, ಅವನು ಏನು ಮಾಡುತ್ತಾನೆ ಅಂತ ಯಾರು ನೋಡುತ್ತಾರೆ? ಅಕ್ಕ ಮಗನನ್ನು ಸ್ವಲ್ಪ ಹೊತ್ತು ನೋಡಿದಳು, ಹೊಸದಾಗಿ ನೋಡುವವರ ಹಾಗೆ.

"ನೀರು ಬೇಕಾದ್ರ ನನ್ನ ಕೈ ಹಿಡದ ಕರಕೊಂಡ ಹೋಗಿ ಕೊಡದ ಮ್ಯಾಲ ಇಡತಾನ್ರಿ" ಅಂದಳು. "ಅವರಪ್ಪನ ಗಾಡಿ ಸಪ್ಪಳಾದ್ರ ಬಾಗಲದಾಗ ಹೋಗಿ ನಿಂದರತಾನ. ಬ್ಯಾರೇದವರ ಗಾಡಿಗೆ ಏಳಂಗಿಲ್ಲ."

ಭಾವ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಇದು ಅವನಿಗೂ ಗೊತ್ತಿರಲಿಲ್ಲ. ಡಾಕ್ಟರು ಬಹಳ ಒಳ್ಳೆಯ ಮಾತು ಹೇಳಿದಿರಿ ಅಂತ ಬರೆಯುತ್ತಲೇ ಇದ್ದರು. ಹಾಳೆಯಲ್ಲಿ ಆ ಪ್ರಶ್ನೆಗೆ ಬಿಟ್ಟ ಜಾಗ ತುಂಬಿತು. ಅವರು ಪೆನ್ನನ್ನು ಮುಂದಿನ ಪ್ರಶ್ನೆಗೆ ಒಯ್ಯುವಾಗ ಅಕ್ಕ ಮೇಜಿನ ಅಂಚಿಗೆ ಕೈ ಇಟ್ಟು ತಡೆದಳು.

"ಇನ್ನೂ ಅದಾವ್ರಿ" ಅಂದಳು. "ಅವನ್ನೂ ಬರಕೋರಿ."

ಡಾಕ್ಟರು ಹಾಳೆ ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದರು.